ಮುಚ್ಚಿದ ಸ್ಟೇಷನ್ನಿನ ಗಂಟೆ

ನನ್ನ ಬರಹ ಓದಿ ಸರಕಾರ ಎಚ್ಚೆತ್ತುಕೊಂಡದ್ದು ಇದೇ ಮೊದಲು. ಅದರ ಫಲ ನೋಡಲು ನಾನೇ ಹೋಗಿದ್ದೆ. ಹೋಗಬಾರದಿತ್ತು.

ಹೋದ ತಿಂಗಳು ಇದೇ ಅಂಕಣದಲ್ಲಿ ಅಳ್ನಾವರ-ದಾಂಡೇಲಿ ದಾರಿಯ ಒಂದು ಪುಟ್ಟ ಸ್ಟೇಷನ್ನಿನ ಕಥೆ ಬರೆದಿದ್ದೆ, ನೆನಪಿದೆಯೇ? ಬ್ರಿಟಿಷರ ಕಾಲದಲ್ಲಿ ಸಾಗವಾನಿ ದಿಮ್ಮಿ ಸಾಗಿಸಲು ಕಟ್ಟಿದ್ದು. ಸುತ್ತಲಿನ ಮರ ಮುಗಿಯಿತು, ಸ್ಟೇಷನ್ನಿನ ಕೆಲಸವೂ ಮುಗಿಯಿತು. ಈಗ ಗಾಡಿ ಅಲ್ಲಿ ನಿಲ್ಲುವುದಿಲ್ಲ. (ಕಾಗದದ ಮಿಲ್ಲು ಬಂದ ಮೇಲೆ ಎಲ್ಲರಿಗೂ ದಾಂಡೇಲಿಯೇ ಬೇಕು.) ಕೊನೆಗೆ ಜಾಣತನ ಹೆಚ್ಚಾಗಿ ಒಂದು ಸಾಲು ಸೇರಿಸಿದ್ದೆ: ಗಂಟೆಯೆಂದು ತೂಗುಬಿಟ್ಟ ಹಳಿಯ ತುಂಡು ಇನ್ನೂ ಅಲ್ಲೇ ತುಕ್ಕು ಹಿಡಿಯುತ್ತಿದೆ, ಸರಕಾರಿ ಕಬ್ಬಿಣಕ್ಕೆ ಹೇಳುವವರು ಕೇಳುವವರು ಇಲ್ಲವೇ?

ಇದ್ದರು. ಎಂಟೇ ದಿನದಲ್ಲಿ ರೈಲ್ವೆಯವರ ಟ್ರಾಲಿ ಬಂದು ಅದನ್ನು ಒಯ್ಯಿತು.

ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಇಮಾಮಸಾಬ ಕೂತಿದ್ದ. ಅಲ್ಲಿಯೇ ಪೋರ್ಟರ್ ಆಗಿ ನಿವೃತ್ತನಾದವನು. ಸ್ಟೇಷನ್ ಮುಚ್ಚಿದ ಮೇಲೂ ದಿನಾ ಮಧ್ಯಾಹ್ನ ಗಂಟೆ ಬಾರಿಸುತ್ತಿದ್ದನಂತೆ. ಕಂಬದ ನೆರಳು ಬುಡಕ್ಕೆ ಬಂದರೆ ಹನ್ನೆರಡು. (ಗಾಡಿ ತಡವಾದದ್ದುಂಟು, ಇಮಾಮಸಾಬ ತಡಮಾಡಿದ್ದಿಲ್ಲ.) ಆ ಸದ್ದಿಗೆ ಸುತ್ತಲಿನ ಗದ್ದೆಗಳ ಹೆಣ್ಣಾಳುಗಳು ಕೈ ತೊಳೆದು ಊಟಕ್ಕೆಂದು ಎದ್ದು ಮನೆಗೆ ಹೋಗುತ್ತಿದ್ದರು. ಇದು ನನಗೆ ಗೊತ್ತಿತ್ತೇ? ಇಲ್ಲ. ಯಾರನ್ನಾದರೂ ಕೇಳಿದ್ದೆನೇ? ಅದೂ ಇಲ್ಲ. ಹೋದ ಸಲ ಸಂಜೆ ಬಂದು, ಒಂದು ಫೋಟೋ ತೆಗೆದು ಹೋಗಿದ್ದೆ.

ಬೇರೆ ಕಬ್ಬಿಣ ಕಟ್ಟಿದರಾಯಿತಲ್ಲ ಎಂದೆ. ಇಮಾಮಸಾಬ ಆಗಲೇ ಕಟ್ಟಿದ್ದಾನೆ, ಹಳೆಯ ನೇಗಿಲ ಕುಳ. ದಿನಾ ಬಾರಿಸುತ್ತಲೂ ಇದ್ದಾನೆ. ಆದರೆ ಯಾರೂ ಏಳುತ್ತಿಲ್ಲ. ಪಕ್ಕದ ಗದ್ದೆಯಲ್ಲಿ ಗಂಗವ್ವ ಕಳೆ ಕೀಳುತ್ತಿದ್ದಳು. ಮೊಲೆ ಕುಡಿಯುವ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಕೂಲಿಗೆ ಬರುವವಳು. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು:

“ಅದು ಸರಕಾರಿ ಗಂಟಿ ಇತ್ರೀ, ಗೌಡ್ರೂ ಸುಮ್ಮನ ಬಿಡತಿದ್ರು. ಇಮಾಮಸಾಬನ ಕುಳಕ್ಕ ಯಾರು ಅಂಜತಾರ? ಈಗ ಗೌಡ್ರು ಇನ್ನೆರಡು ಸಾಲು ಮುಗಿಸ್ರಿ ಅಂತಾರ. ನಾ ಮನಿ ಮುಟ್ಟೂದ್ರಾಗ ಕೂಸು ಅತ್ತು ಅತ್ತು ಮಲಗಿರ್ತೈತಿ.”

ನಾಚಿಕೆಯಾಯಿತು. ಗಂಟೆ ಹೋಗಲು ಕಾರಣವಾದ ಸಾಲು ಬರೆದವನು ನಾನೇ ಎಂದು ಹೇಳಲಿಲ್ಲ. (ಧೈರ್ಯ ಸಾಲಲಿಲ್ಲ ಎಂದೇ ಓದಿಕೊಳ್ಳಿ.)

ಆ ಗದ್ದೆಗಳ ಒಡೆಯರಾದ ಗೌಡರ ಮನೆಗೂ ಹೋದೆ. ಒಳ್ಳೆಯ ಮನುಷ್ಯ, ಚಹಾ ಕೊಟ್ಟರು. ನನ್ನ ಅಂಕಣವನ್ನು ತಪ್ಪದೆ ಓದುತ್ತಾರಂತೆ. ಹೋದ ತಿಂಗಳಿನದಂತೂ ಬಹಳ ಹಿಡಿಸಿತಂತೆ. ಹಾಗಾದರೆ ಆಳುಗಳಿಗೆ ಊಟದ ಹೊತ್ತು ಈಗ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಗೌಡರು ಅಂಗಿಯ ತೋಳು ಸರಿಸಿ ಹೊಸ ಕೈಗಡಿಯಾರ ತೋರಿಸಿದರು.

ಊರಿಗೆಲ್ಲ ಅದೊಂದೇ. ಅದು ಹಿಂದೆ ಬಿದ್ದರೆ ಗಂಗವ್ವ ಯಾರನ್ನು ಕೇಳಬೇಕು?