ಲೆಫ್ಟ್ ಕಾರ್ನರಿನವನ ಹಿಡಿತ

ನನ್ನ ಗಂಡನ ಕಾಲು ಮುರಿದವನ ಅಭಿಮಾನಿ ನಾನು. ನಮ್ಮ ಮನೆಯಲ್ಲಿ ಈ ಮಾತನ್ನು ಜೋರಾಗಿ ಹೇಳುವಂತಿರಲಿಲ್ಲ, ಆದರೂ ಹೇಳುತ್ತಿದ್ದೆ. ಊರಿನಲ್ಲಿ ಸಂಬಳಕ್ಕೆ ಕಬಡ್ಡಿ ಆಡುತ್ತಿದ್ದ ಅವನನ್ನು ಮಸ್ಕತ್ತಿನ ಒಂದು ಕಂಪನಿ ಸ್ಟೋರ್‌ಕೀಪರ್ ವೀಸಾದಲ್ಲಿ ಕರೆಸಿಕೊಂಡಿತ್ತು. ಸ್ಟೋರಿನಲ್ಲಿ ಎಷ್ಟು ಕೆಲಸ ಮಾಡಿದನೋ ದೇವರಿಗೇ ಗೊತ್ತು. ಚಳಿಗಾಲದ ಶುಕ್ರವಾರಗಳಲ್ಲಿ ವಾದಿ ಕಬೀರ್‌ನ ಗ್ಯಾರೇಜುಗಳ ಹಿಂದಿನ ಮೈದಾನದಲ್ಲಿ ಲೆಫ್ಟ್ ಕಾರ್ನರ್ ಕಾಯುವುದೇ ಅವನ ನಿಜವಾದ ಕೆಲಸವಾಗಿತ್ತು.

ರೈಡರ್ ಬೆನ್ನು ತಿರುಗಿಸಿದ ಗಳಿಗೆಗೆ ಅವನು ಹಾರಿ ಕಾಲಿನ ಮಣಿಗಂಟಿಗೆ ಬೀಳುತ್ತಿದ್ದ. ಗ್ಯಾರೇಜಿನವರು ಅವನ ಕೈಗಳನ್ನು ಪಕ್ಕಡ್, ಅಂದರೆ ಇಕ್ಕಳ, ಎನ್ನುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದ ರೈಡರ್ ಒಬ್ಬ ಇನ್ನೊಂದು ಕಾಲಿನಿಂದ ಅವನ ಬಾಯಿಗೆ ಒದ್ದ. ಹಲ್ಲು ಮ್ಯಾಟಿನ ಮೇಲೆ ಬಿತ್ತು, ರಕ್ತ ಗಲ್ಲದಿಂದ ಇಳಿಯಿತು, ಹಿಡಿತ ಸಡಿಲವಾಗಲಿಲ್ಲ. ಹೆಂಗಸರ ಕುರ್ಚಿ ಸಾಲಿನಲ್ಲಿ ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ವಾರವಿಡೀ ಆಫೀಸಿನಲ್ಲಿ ಎಸ್ ಸರ್, ಓಕೆ ಸರ್ ಎನ್ನುವವಳಿಗೆ ಅದೊಂದು ಬೇಕಾಗಿತ್ತು.

ನನ್ನ ಗಂಡ ಅಲ್ ಖೌದ್ ತಂಡದ ರೈಡರ್. ಇಬ್ಬರೂ ಎದುರಾದ ಸೆಮಿಫೈನಲ್ಲಿನಲ್ಲಿ ನಾನು ಗಂಡನ ಪರವೇ ಕೂಗಿದೆ, ಅದರಲ್ಲಿ ಯಾರಿಗೂ ಸಂಶಯ ಬೇಡ. ಕೊನೆಯ ರೈಡಿನಲ್ಲಿ ಇವರು ಅವನ ಕೈಗೆ ಸಿಕ್ಕರು. ರೆಫ್ರಿ ವಿಷಲ್ ಊದಿದ, ಇವರು ಔಟಾದರು. ಅವನ ತಂಡದವರೆಲ್ಲ ಗೆದ್ದೆವೆಂದು ಕುಣಿಯುತ್ತ ಮ್ಯಾಟಿನ ಆಚೆ ಓಡಿದರು. ಅವನು ಮಾತ್ರ ಕಾಲು ಬಿಡಲಿಲ್ಲ. ಬಿಡಿಸಿಕೊಳ್ಳಲು ಇವರು ಹೊರಳಿದರು. ಒಣ ಕಟ್ಟಿಗೆ ಮುರಿದಂಥ ಸದ್ದು ನನ್ನ ಕುರ್ಚಿಯವರೆಗೂ ಬಂತು. ಓಡಿ ಹೋಗಿ ನೋಡಿದರೆ ಇವರ ಪಾದ ತಿರುಗಬಾರದ ಕಡೆಗೆ ತಿರುಗಿತ್ತು.

ಮರುದಿನ ಅವನು ಆಸ್ಪತ್ರೆಗೆ ಬಂದ. ಬಾಗಿಲ ಹತ್ತಿರ ನಿಂತ, ಒಳಗೆ ಬರಲಿಲ್ಲ. ಇವರು ಹಾಸಿಗೆಯಿಂದಲೇ ಕೇಳಿದರು.

"ವಿಷಲ್ ಕೇಳಿತಾ, ಇಲ್ವಾ?"

"ಕೇಳಿತು," ಎಂದ ಅವನು.

ಅಷ್ಟೇ. ಮುಂದೆ ಏನಾದರೂ ಹೇಳುತ್ತಿದ್ದನೋ ಏನೋ, ಅಷ್ಟರಲ್ಲಿ ಇವರು ಪಕ್ಕದಲ್ಲಿದ್ದ ಸ್ಟೀಲ್ ಫ್ಲಾಸ್ಕ್ ಎತ್ತಿ ಬೀಸಿದರು. ಅದು ಅವನ ಹುಬ್ಬಿಗೆ ಬಡಿಯಿತು. ರಕ್ತ ಒರೆಸಿಕೊಂಡು ಹೋದವನು ಮತ್ತೆ ನಮ್ಮ ಕಣ್ಣಿಗೆ ಬಿದ್ದದ್ದು ಮೈದಾನದಲ್ಲಿ ಮಾತ್ರ.

ಇವರ ಕಾಲಿಗೆ ಪ್ಲೇಟ್ ಬಂತು, ಆಟ ಖಲಾಸ್ ಆಯಿತು. ಆ 'ಕೇಳಿತು' ಎಂಬ ಒಂದು ಮಾತು ನಮ್ಮ ಮನೆಯೊಳಗೆ ಬಂದು ಕೂತಿತು. ಊಟಕ್ಕೆ ಕೂತರೂ ಅದೇ, ಎಸಿ ಕೆಟ್ಟರೂ ಅದೇ. ಕೇಳಿಯೂ ಯಾಕೆ ಬಿಡಲಿಲ್ಲ, ಬೇಕೆಂದೇ ಮುರಿದನಲ್ಲ ಎಂದು ಗೋಡೆಗೆ ಗುದ್ದುತ್ತಿದ್ದರು. ಒಮ್ಮೆ ಗುದ್ದಿ ಬೆರಳು ಬಾತುಕೊಂಡಿತು. ಮಗಳು "ಲೀವ್ ಇಟ್ ಅಪ್ಪಾ" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೇಕೆಂದೇ ಮುರಿದವನಾದರೆ ಆಸ್ಪತ್ರೆಗೆ ಯಾಕೆ ಬರುತ್ತಿದ್ದ ಎಂದು ನಾನು ವಾದಕ್ಕಿಳಿದರೆ ತಟ್ಟೆಗಳು ಹಾರುತ್ತಿದ್ದವು. ನಾನೂ ಎಸೆಯುತ್ತಿದ್ದೆ, ಸುಮ್ಮನಿರುವ ಜಾತಿ ನನ್ನದಲ್ಲ.

ಹೋದ ಚಳಿಗಾಲದಲ್ಲಿ ಅವನು ಸತ್ತ. ಸುವೈಕ್‌ನಿಂದ ಬರುವಾಗ ಅವನ ಪಿಕಪ್ ಟ್ಯಾಂಕರಿನ ಅಡಿಗೆ ನುಗ್ಗಿತು. ಸ್ಟಿಯರಿಂಗಿನಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತೆಂದು ಗ್ಯಾರೇಜಿನವರು ಹೇಳುತ್ತಾರೆ. ಅಭಿಮಾನಿಗಳ ಮಾತು, ಅದರಲ್ಲಿ ಅರ್ಧ ಕಳೆದೇ ನಂಬಬೇಕು. ಸುದ್ದಿ ಕೇಳಿ ನಾನು ಅಡುಗೆಮನೆಯಲ್ಲಿ ಅತ್ತೆ. ಇವರು ಬಾಗಿಲವರೆಗೆ ಬಂದರು. "ಇನ್ನು ಯಾರ ಹತ್ರ ಕೇಳುವುದು?" ಎಂದರು.

ಅವನ ನೆನಪಿಗೆ ಅದೇ ಮೈದಾನದಲ್ಲಿ ಒಂದು ಪಂದ್ಯ ಇಟ್ಟರು. ನಮ್ಮ ತಂಡಗಳಲ್ಲಿ ಒಂದು ಕ್ರಮ ಉಂಟು. ಆಟಗಾರ ತೀರಿಕೊಂಡರೆ ಮೊದಲ ರೈಡ್ ಅವನಿಗೆ. ಅವನು ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಅಲ್ಲಿ ಅವನ ಜೆರ್ಸಿಯನ್ನು ಮಗುಚಿ, ನಂಬರ್ ಮೇಲೆ ಬರುವಂತೆ ಹಾಸುತ್ತಾರೆ. ಹಳೆಯ ಎದುರಾಳಿಯೊಬ್ಬ ಕಬಡ್ಡಿ ಎನ್ನುತ್ತ ಹೋಗಿ ಅದನ್ನು ಮುಟ್ಟಿ ಬರಬೇಕು. ಅವನನ್ನು ಯಾರೂ ಹಿಡಿಯುವಂತಿಲ್ಲ. ಆ ರೈಡಿಗೆ ನಾನೇ ಹೋಗುತ್ತೇನೆಂದು ಇವರು ಹಠ ಹಿಡಿದಾಗ ನನ್ನ ಜೀವ ಬಾಯಿಗೆ ಬಂತು. ಇವರೇನಾದರೂ ಆ ಜೆರ್ಸಿಗೆ ಒದ್ದರೆ ಜನ ಇವರನ್ನು ಅಲ್ಲೇ ಹೂತುಬಿಡುತ್ತಿದ್ದರು.

ಮೊದಲು ಮಾತುಗಳಾದವು. ಅಭಿಮಾನಿಗಳು ಒಬ್ಬೊಬ್ಬರಾಗಿ ಮೈಕ್ ಹಿಡಿದು ಅವನು ಯಾರ ಭುಜದ ಕೀಲು ತಪ್ಪಿಸಿದ, ಯಾರ ಪಕ್ಕೆಲುಬು ಬಿರುಕು ಬಿಡಿಸಿದ ಎಂದು ಹೆಮ್ಮೆಯಿಂದ ಹೇಳಿದರು. ಕೊನೆಗೆ ಅವನ ಶಿಷ್ಯನೊಬ್ಬ ಬಂದ. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವ, ಇಬ್ಬರು ಮಕ್ಕಳ ತಂದೆ. ಗ್ಯಾಲರಿಯಲ್ಲಿ ಕೂತವರು ಕ್ಯಾಚರ್‌ಗಳನ್ನು ಮೋಸ ಮಾಡಲು ಕಳ್ಳ ವಿಷಲ್ ಊದುತ್ತಿದ್ದರಂತೆ. ಅದಕ್ಕೇ ಇವನ ಗುರು ವಿಷಲನ್ನು ನಂಬಲೇ ಬೇಡಿ ಎಂದು ಕಲಿಸಿದ್ದ. ಹಿಡಿದ ಮೇಲೆ ಜೊತೆಯವನು ಬಂದು ಬೆನ್ನಿಗೆ ಎರಡು ಸಲ ತಟ್ಟಬೇಕು, ಆಮೇಲೆಯೇ ಬಿಡಬೇಕು. ಪ್ರಾಕ್ಟೀಸಿನಲ್ಲಿ ಅದಕ್ಕೂ ಮೊದಲೇ ಬಿಟ್ಟವನಿಗೆ ಕಪಾಳಕ್ಕೆ ಬೀಳುತ್ತಿತ್ತು. ಜನ ನಕ್ಕರು, ನಾನೂ ನಕ್ಕೆ. ಇವರು ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ.

ಇವರು ಕುಂಟುತ್ತಲೇ ಗೆರೆ ದಾಟಿದರು. ಜೆರ್ಸಿಯ ಮುಂದೆ ನಿಂತು ಅದನ್ನು ನೋಡಿದರು. ಒದೆಯಲಿಲ್ಲ. ಬಗ್ಗಿ, ಬೆರಳ ತುದಿಯಿಂದ ಮುಟ್ಟಿ, ವಾಪಸು ಬರಲು ಬೆನ್ನು ತಿರುಗಿಸಿದರು.

ಖಾಲಿ ಜಾಗದ ಪಕ್ಕದಲ್ಲೇ ಆ ಶಿಷ್ಯ ನಿಂತಿದ್ದ. ಈ ರೈಡರನ್ನು ಮುಟ್ಟಬಾರದೆಂದು ಅವನಿಗೆ ಗೊತ್ತಿತ್ತು. ಆದರೆ ತಿರುಗಿದ ಬೆನ್ನು ಕಂಡದ್ದೇ ಅವನ ಮೈ ಹಾರಿತು. ಕೈಗೆ ಸಿಕ್ಕಿದ್ದು ಪ್ಲೇಟ್ ಹಾಕಿದ ಅದೇ ಕಾಲು. ಇವರು ಮುಖ ಅಡಿಯಾಗಿ ಬಿದ್ದರು, ತುಟಿ ಒಡೆಯಿತು. ರೆಫ್ರಿ ಒಂದೇ ಸಮನೆ ವಿಷಲ್ ಊದಿದ. ಅಲ್ ಖೌದ್‌ನವರು ಕುರ್ಚಿ ಎತ್ತಿಕೊಂಡು ನುಗ್ಗಿದರು, ಇತ್ತ ಕಡೆಯವರು ಕಬ್ಬಿಣದ ಪೈಪು ಹಿಡಿದು ಬಂದರು. ಯಾರದೋ ತಲೆ ಒಡೆಯಿತು. ಯಾರೋ ಒಬ್ಬ ಆ ಶಿಷ್ಯನ ಪಕ್ಕೆಗೆ ಒದೆಯುತ್ತಿದ್ದ, ಇಬ್ಬರು ಶಿಷ್ಯನ ತೋಳು ಜಗ್ಗುತ್ತಿದ್ದರು. ನಾನು ಎರಡೂ ಕೈಯಲ್ಲಿ ಅವನ ಕೂದಲು ಹಿಡಿದು ಎಳೆದೆ, ಒಂದು ಹಿಡಿ ಕಿತ್ತೇ ಬಂತು. ಅವನು ನೋವಿಗೆ ಅಳುತ್ತಿದ್ದ. ಬಿಡಲಿಲ್ಲ.

"ಎಳೀಬೇಡಿ," ಎಂದರು ಇವರು ಕೆಳಗಿನಿಂದ. "ಎಲ್ಲರೂ ಕೈ ತೆಗೀರಿ."

ಮೈಯನ್ನು ಹೇಗೋ ತಿರುಚಿ, ಒಂದು ಕೈ ಚಾಚಿ, ಶಿಷ್ಯನ ಬೆನ್ನಿಗೆ ಎರಡು ಸಲ ತಟ್ಟಿದರು.

ಬೆರಳುಗಳು ಬಿಚ್ಚಿಕೊಂಡವು. ಬಡಿದಾಡುತ್ತಿದ್ದವರು ನಿಂತರು. ಇವರು ಎದ್ದು ಕೂತು, ತುಟಿಯ ರಕ್ತ ಉಗಿದು, ನನ್ನ ಮುಖ ನೋಡಿದರು. ಇಷ್ಟು ವರ್ಷ ಗೋಡೆಗೆ ಗುದ್ದಿದ ಮನುಷ್ಯ ಮಕ್ಕಳ ಹಾಗೆ ಅಳತೊಡಗಿದರು.

"ಆ ದಿವಸ ಎಲ್ಲರೂ ಕುಣಿಲಿಕ್ಕೆ ಹೋದ್ರು ಮಾರಾಯ್ತಿ," ಎಂದರು. "ಅವನಿಗೆ ತಟ್ಟುವವರೇ ಇರ್ಲಿಲ್ಲ."

ನಾನು ಎಬ್ಬಿಸಲು ಹೋದರೆ ಕೈ ಸರಿಸಿದರು. ಮಂಡಿಯೂರಿಕೊಂಡು ಮೂಲೆಗೆ ಸರಿದು, ಮಗುಚಿ ಹಾಸಿದ್ದ ಆ ಜೆರ್ಸಿಯ ನಂಬರಿನ ಮೇಲೆ ಎರಡು ಸಲ ತಟ್ಟಿದರು.