ಅಂಗಳಕ್ಕೆ ಲೈಟು ಹಾಕಿದ ಪುಟ್ಟಸ್ವಾಮಿ

ಲೈಟು ಎಲ್ಲೆಲ್ಲಿ ಬೇಕು ಅಂತ ಪುಟ್ಟಸ್ವಾಮಿ ಮೊದಲು ಕೇಳಿದವನೇ ಅಲ್ಲ. ಗಾಡಿ ನಿಲ್ಲಿಸಿ, ಕಾಂಪೌಂಡೆಲ್ಲ ಒಂದು ಸುತ್ತು ಹಾಕಿ, "ಅಸ-ಕರ ಎಲ್ಲಿ ಕಟ್ತೀರಿ?" ಅನ್ನೋನು. ನಮ್ಮನೆಗೆ ಬಂದಾಗಲೂ ಅದೇ ಪ್ರಶ್ನೆ.

"ಲೇ, ನಾವು ಕರೆದಿದ್ದು ಕರೆಂಟಿನೋನ್ನ, ದನದ ಡಾಕ್ಟ್ರನ್ನಲ್ಲ" ಅಂದೆ.

"ನೀನು ಚಪ್ಪಲಿ ಮೆಟ್ಕೊಂಡು ಓಡಾಡ್ತೀಯ ಕಣವ್ವ. ಅದು ನಾಕು ಕಾಲೂ ನೆಲಕ್ಕೂರಿ ನಿಂತಿರ್ತದೆ. ನೆಲಕ್ಕೆ ಕರೆಂಟು ಇಳುದ್ರೆ ಮೊದ್ಲು ಓಗೋದು ಅದೇಯ" ಅಂದ.

ಅವನೂರು ನಿಡಘಟ್ಟ. ನಾವು ಕೊಪ್ಪದ ಕಡೆಯವರು. ಸೊಸೆ ಮನೆ ಮುಂದೆ ಗುಲಾಬಿ, ಕ್ರೋಟನ್ನು ಬೆಳೆಸಿದ್ದಳು. ಅದಕ್ಕೆ ಛತ್ರದಲ್ಲಿ ಇರೋ ಹಂಗೆ ಲೈಟು ಬೇಕು ಅಂತ ನನ್ನ ಮಗ ಮಹೇಶ ಇವನನ್ನು ಕರೆಸಿದ. ವೈರನ್ನು ಮೇಲುಮೇಲೆ ಮಣ್ಣಲ್ಲಿ ಮುಚ್ಚಿದರೆ ಸಾಕು ಅಂತ ಮಹೇಶನ ಲೆಕ್ಕ. ಪುಟ್ಟಸ್ವಾಮಿ ಬಿಡಲಿಲ್ಲ. ಮೊಣಕಾಲುದ್ದ ಅಗೆಸಿದ. ಪೈಪಿನೊಳಗೆ ವೈರು ಎಳೆದು, ಅದರ ಮೇಲೆ ಒಂದು ಸಾಲು ಇಟ್ಟಿಗೆ ಜೋಡಿಸಿ ಮಣ್ಣು ಎಳೆಸಿದ. "ನಾಳೆ ನಿನ್ ಗುದ್ದಲಿ ಇಟ್ಗೆಗೆ ತಗಲ್ಬೇಕು, ವೈರ್ಗಲ್ಲ" ಅಂದ. ಒಂದೊಂದು ಕಂಬಕ್ಕೂ ಅರ್ತಿಂಗ್ ಎಳೆದ. ಜಾಯಿಂಟೆಲ್ಲ ನೆಲದಿಂದ ಮೇಲೆ, ಮುಚ್ಚಳ ಇರೋ ಡಬ್ಬಿಯೊಳಗೆ.

"ಸಣ್ಣ ಲೈಟಿಗೆ ಇಷ್ಟೆಲ್ಲ ಯಾಕಣ್ಣ?" ಅಂದ ಮಹೇಶ.

"ಲೈಟು ಸಣ್ಣದು ಅಂತ ಕರೆಂಟಿಗೆ ಗೊತ್ತಾಯ್ತದಾ? ಮಣ್ಣೊಳಗೆ ವೈರು ಗಂಟಾಕಿ ಟೇಪು ಸುತ್ತೋನ ಕೈಗೆ ಬರೆ ಎಳೀಬೇಕು ಕಣ್ಲಾ!"

ಕೊನೆಗೆ ಗೋಡೆಯಲ್ಲಿ ಒಂದು ಟ್ರಿಪ್ ಸ್ವಿಚ್ಚು ಕೂರಿಸಿ, ಅದನ್ನು ಮಗನಿಗೂ ತೋರಿಸಲಿಲ್ಲ, ಸೊಸೆಗೂ ತೋರಿಸಲಿಲ್ಲ, ನನ್ನ ಕರೆದ. ನಾನು ಓದಿದ್ದು ಎರಡನೇ ಕ್ಲಾಸು. "ತಾರೀಕು ಬ್ಯಾಡ ಬುಡವ್ವ. ಅಮಾಸೆ ಅಮಾಸೆಗೆ ಈ ಗುಂಡಿ ಒತ್ತು. ಸ್ವಿಚ್ಚು ಟಕ್ ಅಂತ ಬೀಳ್ಬೇಕು. ಬೀಳ್ದಿದ್ರೆ ನನ್ನ ಕರಿ. ತಾನಾಗೇ ಬಿದ್ರೆ ಅದನ್ನ ಬೈಬ್ಯಾಡ, ಎಲ್ಲೋ ಕರೆಂಟು ಸೋರ್ತಾ ಅದೆ ಅಂತ ತಿಳ್ಕೊ." ಒಂದು ಅಮಾವಾಸ್ಯೆಯೂ ನಾನು ತಪ್ಪಿಸಲಿಲ್ಲ.

ಮೊಮ್ಮಗಳ ನಾಮಕರಣ ಬಂತು. ಮಹೇಶ ತಾನೇ ದೊಡ್ಡ ಮೇಸ್ತ್ರಿ ಅಂದುಕೊಂಡು ಇನ್ನೊಂದು ಸರ ಲೈಟು ತಂದು, ವೈರಿಗೆ ವೈರು ಹೊಸೆದು, ಟೇಪು ಸುತ್ತಿ ಕ್ರೋಟನ್ ಬುಡದಲ್ಲಿ ಹೂತ. ಸಂಜೆ ಮಳೆ ಹುಯ್ಯಿತು. ಸ್ವಿಚ್ಚು ಬಿತ್ತು. ಎತ್ತಿದ, ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಬೀಗರ ಮುಂದೆ ಮರ್ಯಾದೆ ಹೋಯ್ತು ಅಂತ ಸ್ವಿಚ್ಚಿನ ಡಬ್ಬಿ ಬಿಚ್ಚಿ, ಕರೆಂಟು ಸ್ವಿಚ್ಚಿಗೆ ಹೋಗದೆ ನೇರ ಲೈಟಿಗೆ ಹೋಗೋ ಹಂಗೆ ಒಂದು ತುಂಡು ವೈರು ಕೊಟ್ಟ. ಲೈಟು ಝಗ್ ಅಂತ ಹತ್ತಿಕೊಂಡವು.

"ಬ್ಯಾಡ ಕಣ್ಲಾ" ಅಂದೆ.

"ನಿಂಗೇನ್ ಗೊತ್ತು, ಸುಮ್ನಿರವ್ವ."

ಸುಮ್ಮನಾದೆ. ಲೈಟು ಆರಿಸೋದನ್ನೂ ಮರೆತು ಎಲ್ಲರೂ ಮಲಗಿದರು. ಬೆಳಿಗ್ಗೆ ಸೊಸೆ ಹಸು ಬಿಚ್ಚಿಕೊಂಡು ನೀರಿಗೆ ಹೋಗುತ್ತಿದ್ದಳು. ಹಸು ಕ್ರೋಟನ್ ಪಕ್ಕದ ಕೆಸರಿಗೆ ಕಾಲಿಟ್ಟಿತು, ಬಿತ್ತು, ಏಳಲಿಲ್ಲ. ಸೊಸೆ ಹಗ್ಗ ಬಿಟ್ಟು ಓಡಿ ಬಂದಳು, ಬದುಕಿಕೊಂಡಳು.

ಊರು ಸೇರಿತು. "ಪುಟ್ಟಸ್ವಾಮಿ ವೈರಿಂಗು ಇಂಥದ್ದು ನೋಡಿ" ಅಂದ ನನ್ನ ಮಗ, ನಾಚಿಕೆ ಇಲ್ಲದೆ. ಅಷ್ಟರಲ್ಲಿ ಸುದ್ದಿ ಕೇಳಿ ಪುಟ್ಟಸ್ವಾಮಿಯೂ ಬಂದ. ಡಬ್ಬಿ ಬಿಚ್ಚಿದ. ಆ ತುಂಡು ವೈರು ಕಿತ್ತು ಅಂಗೈಯಲ್ಲಿ ಹಿಡಿದ.

"ಇದ್ನ ಯಾರು ಆಕಿದ್ದು? ಅವ್ವ, ನೀನೇಳು."

ಬೀಗರೆಲ್ಲ ನಿಂತಿದ್ದರು. ನಾನು ಸೆರಗು ಎಳೆದುಕೊಂಡು ಹಸುವಿನ ಕಡೆ ತಿರುಗಿದೆ. ಅವತ್ತಿನ ನನ್ನ ಬಾಯಿಗೆ ಬೆಂಕಿ ಹಾಕ.

ಆ ತುಂಡು ವೈರೂ ಪುಟ್ಟಸ್ವಾಮಿಯದೇ ಕೆಲಸ ಅಂತ ಊರು ಮಾತಾಡಿಕೊಂಡಿತು. ಆಮೇಲೆ ಸುತ್ತಮುತ್ತ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಒಂದು ಬಲ್ಬು ಹಾಕಿಸೋಕೂ "ಅಯ್ಯೋ, ದನ ಕೊಂದೋನು ಬ್ಯಾಡ" ಅಂದರು. ಎರಡು ತಿಂಗಳಾದ ಮೇಲೆ ಒಂದು ದಿನ ಡೈರಿ ಮುಂದೆ ಎಲ್ಲರೂ ಹಾಲು ಹಿಡಿದು ನಿಂತಿದ್ದಾಗ, ಮಹೇಶನನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು, ಗಂಟಾಕಿದ್ದು ಇವನು, ವೈರು ಕೊಟ್ಟಿದ್ದು ಇವನು, ನೋಡಿಕೊಂಡು ಸುಮ್ಮನಿದ್ದವಳು ನಾನು ಅಂತ ಕೂಗಿ ಹೇಳಿದೆ. ನಿಂತ ಕಾಲಲ್ಲೇ ಬಸ್ಸು ಹತ್ತಿ ನಿಡಘಟ್ಟಕ್ಕೆ ಹೋದೆ.

ಪುಟ್ಟಸ್ವಾಮಿ ಸಾಮಾನಿನ ಚೀಲವನ್ನು ಗಾಡಿಗೆ ಕಟ್ಟುತ್ತಿದ್ದ. ಮಳವಳ್ಳಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಮನೆಯನ್ನೂ ಅಲ್ಲೇ ಮಾಡಿದ್ದನಂತೆ. ಎಲ್ಲ ಹೇಳಿದೆ. ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡ.

"ಎರಡು ತಿಂಗ್ಳು ಬೇಕಾಯ್ತಾ ಅವ್ವ?"

"ಬಾರಪ್ಪ, ಬಂದು ಅದ್ನ ಸರಿ ಮಾಡ್ಕೊಡು."

"ಇಲ್ಲ ಕಣವ್ವ. ನಿಮ್ಮೂರ್ಗೆ ಬರಕಿಲ್ಲ."

ಗಾಡಿ ಹೊರಟಿತು. ಮತ್ತೆ ಅವನನ್ನು ಕಂಡಿಲ್ಲ.

ಬೇರೆಯವರನ್ನು ಕರೆಸ್ತೀನಿ ಅಂತ ಮಹೇಶ ವಾರಕ್ಕೊಮ್ಮೆ ರಾಗ ಎಳೆಯುತ್ತಾನೆ. ಪುಟ್ಟಸ್ವಾಮಿಯೇ ಬಂದು ಹಾಕೋವರೆಗೂ ಆ ಅಂಗಳ ಕತ್ತಲಲ್ಲೇ ಇರಲಿ ಅಂದಿದ್ದೀನಿ. ಯಾಕಜ್ಜಿ ಲೈಟು ಹಾಕಲ್ಲ ಅಂತ ಕೇಳಿದ ನೆಂಟರಿಗೆಲ್ಲ ಮೊದಲಿಂದ ಕೊನೆವರೆಗೂ ಹೇಳುತ್ತೀನಿ, ಮಗನ ಹೆಸರು ಬಿಡದೆ.

ಮೊನ್ನೆ ಮಹೇಶನ ಮಾವನ ಎದುರಿಗೇ ಶುರುಮಾಡಿದೆ. "ಎಷ್ಟು ಸಲ ಏಳ್ತೀಯವ್ವ ಅದ್ನೇ?" ಅಂತ ಹಲ್ಲು ಕಡಿದ.

"ಅವತ್ತು ಒಂದು ಸಲ ಏಳ್ನಿಲ್ವಲ್ಲ, ಅದುಕ್ಕೆ" ಅಂದೆ.