ತಟ್ಟೆಯ ಮೇಲೊಂದು ಕಣ್ಣು

ಅಡುಗೆಯಾಕೆ ಬಾಯಿಬಿಡದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ವಿಜಯಪುರದ ಕಡೆಯ ಹೆಂಗಸು. ಡೊಂಬಿವಲಿಯ ನಮ್ಮ ಮನೆಗೆ ಬೆಳಿಗ್ಗೆ ಬಂದು ಚಪಾತಿ, ಪಲ್ಯ ಮಾಡಿಟ್ಟು ಹೋಗುತ್ತಿದ್ದಳು. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗ ಬಂದು ನನ್ನ ಬೆರಳುಗಳು ಹಿಟ್ಟು ನಾದಲಾರದಂತೆ ಆದ ಮೇಲೆ ಗೊತ್ತುಮಾಡಿಕೊಂಡವಳು. ಒಂದು ದಿನ ಬೇಳೆ ತೊಳೆಯುತ್ತಾ, ನನ್ನ ಮುಖ ನೋಡದೆ ಅಂದಳು:

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ತಾವು ಆಫೀಸಿಗೆ ಹೋದ ಮ್ಯಾಲೆ ಅಕ್ಕಾರು ಏನೇನ್ ತಿಂತಾರ ಅಂತ ನಿಮ್ಮ ಯಜಮಾನ್ರು ನನ್ನ ಕೇಳಿದ್ರು."

"ನೀನೇನಂದೆ?"

"ಎರಡ ಚಪಾತಿ, ಒಂದೀಟು ಪಲ್ಯ ಅಂದ್ನಿರಿ. ಅವ್ರು ನಂಬಿದಂಗ ಕಾಣಲಿಲ್ಲ."

ಆ ವರ್ಷ ನಾನು ಒಂದೇ ಸಮನೆ ದಪ್ಪಗಾಗುತ್ತಿದ್ದೆ. ಮೊದಲು ಸ್ಟೀರಾಯ್ಡ್ ಗುಳಿಗೆಯ ಮೇಲೆ ತಪ್ಪು ಹೊರಿಸಿದೆ. ಡಾಕ್ಟರು ಅದನ್ನು ಇಳಿಸುತ್ತಾ ಇಳಿಸುತ್ತಾ ಸಾಸಿವೆಯಷ್ಟಕ್ಕೆ ತಂದಿದ್ದರು, ತೂಕ ಮಾತ್ರ ಏರುತ್ತಲೇ ಇತ್ತು. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಬರುವ ಕೆಮಿಕಲ್ ವಾಸನೆಯೇ ಕಾರಣ ಎಂದು ಮೇಲಿನ ಮನೆಯ ಆಂಟಿ ಹೇಳಿದಾಗ ಅದನ್ನೂ ಅನುಮಾನಿಸಿ ಕಿಟಕಿ ಮುಚ್ಚಿಟ್ಟೆ. ಐರೋಲಿಯ ಆಫೀಸಿಗೆ ಹೋಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಎದ್ದು ಸೀಟು ಕೊಟ್ಟು, ಎಷ್ಟನೇ ತಿಂಗಳು ಎಂದು ಮರಾಠಿಯಲ್ಲಿ ವಿಚಾರಿಸಿದಳು. ಮಂಡಿ ಸಿಡಿಯುತ್ತಿತ್ತು. ಕೊಟ್ಟ ಸೀಟಿನಲ್ಲಿ ಕೂತುಬಿಟ್ಟೆ.

ಅಷ್ಟರಲ್ಲಿ ನನ್ನ ಗಂಡ ಒಂದು ತೂಕದ ಮಷೀನು ತಂದು ಬಚ್ಚಲಿನ ಬಾಗಿಲ ಹತ್ತಿರ ಇಟ್ಟರು. "ಇಬ್ಬರಿಗೂ ಆಗುತ್ತೆ" ಅಂದರು. ಅವರು ಅದರ ಮೇಲೆ ಹತ್ತಿದ್ದನ್ನು ನಾನು ಕಾಣೆ. ಅವರ ಆಫೀಸಿನವರ ಊಟ ವಾಶಿಯ ಹೋಟೆಲಿನಲ್ಲಿತ್ತು. ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಹೋಗುವಂಥದ್ದು. "ನಿನಗೆ ಕಾಲು ನೋವಲ್ವಾ, ಅಷ್ಟು ದೂರ ಯಾಕೆ?" ಎಂದು ಒಬ್ಬರೇ ಹೋಗಿಬಂದರು. ಕಾಲು ನೋವಿಗೋ, ನನ್ನ ಜೊತೆ ಕಾಣಿಸಿಕೊಳ್ಳಲು ನಾಚಿಕೆಗೋ? ಎರಡನೇ ದೋಸೆಗೆ ಕೈಚಾಚುವಾಗ ಅವರ ಕಣ್ಣು ಎಲ್ಲಿದೆ ಎಂದು ನೋಡತೊಡಗಿದೆ. ಬಿಸ್ಕತ್ತು ತಿಂದ ತಟ್ಟೆಯನ್ನು ತಕ್ಷಣ ತೊಳೆದಿಡುತ್ತಿದ್ದೆ. ಕದಿಯದೆಯೇ ಕಳ್ಳಿಯ ಹಾಗಾಗಿದ್ದೆ.

ಥಾಣೆ ಊರಿನ ಕೀಲುರೋಗದ ಡಾಕ್ಟರ ಹತ್ತಿರ ಹೋಗುವ ದಿನ ಅವರು ರಜ ಹಾಕಿದರು. "ನಾನೂ ಬರ್ತೀನಿ. ಡಾಕ್ಟರ ಹತ್ರ ಸ್ವಲ್ಪ ಮಾತಾಡ್ಬೇಕು." ದೂರು ಹೇಳಲಿಕ್ಕೇ ಎಂದು ನನಗೆ ಖಾತ್ರಿಯಾಯಿತು.

ಡಾಕ್ಟರು ನನ್ನ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕೀಲುಗಳ ಊತ ಇಳಿದಿದೆ, ಆದರೆ ಮುಖ ಯಾಕೆ ಹೀಗೆ ಊದಿದೆ ಅಂದರು. "ಸುಸ್ತು, ಊತ ಎಲ್ಲ ಈ ಕಾಯಿಲೆಯದ್ದೇ ಅಲ್ವಾ?" ಅಂದೆ.

"ಎಲ್ಲವನ್ನೂ ಅದರ ತಲೆಗೇ ಕಟ್ಟಬೇಡಿ."

ಆಗ ನನ್ನ ಗಂಡ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಹಿಂದಿಯಲ್ಲಿ ಶುರುಮಾಡಿದರು. ಮೇ ತಿಂಗಳ ಸೆಕೆಯಲ್ಲೂ ಇವಳು ಫ್ಯಾನ್ ಆರಿಸಿ ಹೊದ್ದು ಮಲಗುತ್ತಾಳೆ. ಫೋನು ಮಾಡಿದರೆ ಯಾರೋ ಬೇರೆಯವರು ಎತ್ತಿಕೊಂಡರೇನೋ ಅನ್ನುವಂತೆ ದನಿ ಒರಟಾಗಿದೆ. ಬಚ್ಚಲ ಜಾಲರಿಯ ತುಂಬ ಕೂದಲು. ಕೊನೆಗೆ, "ತಿನ್ನುವುದೇನೂ ಹೆಚ್ಚಿಲ್ಲ ಸಾರ್. ನಾನು ನೋಡಿದ್ದೇನೆ, ವಿಚಾರಿಸಿಯೂ ಇದ್ದೇನೆ" ಅಂದರು.

ಡಾಕ್ಟರು ನನ್ನ ಕುತ್ತಿಗೆ ಮುಟ್ಟಿ, ನೀರು ನುಂಗಿಸಿ ನೋಡಿ, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು.

ಮರಳುವ ಲೋಕಲ್ಲು ದಿವಾ ಸ್ಟೇಷನ್ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಅಡುಗೆಯವಳನ್ನ ಯಾಕ್ರೀ ಕೇಳಿದ್ರಿ? ನನ್ನೇ ಕೇಳಬಹುದಿತ್ತಲ್ಲ?"

ಅವರು ಕಿಟಕಿಯಾಚೆ ನೋಡುತ್ತಾ ಅಂದರು, "ನೀನು ನಿಜಾನೇ ಹೇಳ್ತಿದ್ದೆ. ನಾನು ನಂಬ್ತಿರ್ಲಿಲ್ಲ."

ಸಿಟ್ಟು ಬಂತು. ಇವರು ಸುಳ್ಳು ಹೇಳಲಿಲ್ಲವಲ್ಲ ಎಂಬ ಸಮಾಧಾನವೂ ಆಯಿತು. ಕಾಳಜಿ ಮೊದಲೋ ಪತ್ತೇದಾರಿಕೆ ಮೊದಲೋ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದೆ ಎಂದು ವರದಿ ಬಂದಾಗ ಅನುಮಾನಿಸುವ ಸರದಿ ನನ್ನದಾಯಿತು. ಡಾಕ್ಟರಿಗೂ ಆ ಲ್ಯಾಬಿಗೂ ಒಳಒಪ್ಪಂದ ಇದ್ದೀತು ಎಂದುಕೊಂಡು, ಯಾರಿಗೂ ಹೇಳದೆ ಕಲ್ಯಾಣದ ಇನ್ನೊಂದು ಲ್ಯಾಬಿನಲ್ಲಿ ಮತ್ತೆ ರಕ್ತ ಕೊಟ್ಟೆ. ಅಲ್ಲೂ ಅದೇ ಬಂತು. ದೇಹ ತನ್ನ ಕೀಲುಗಳನ್ನೇ ವೈರಿಯೆಂದು ತಿಳಿದು ಮೇಲೆರಗುವ ಈ ಕಾಯಿಲೆಯವರ ಪೈಕಿ ಕೆಲವರಲ್ಲಿ ಅದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಮೇಲೂ ಹಾಗೇ ಎರಗುತ್ತದೆ ಎಂದು ಡಾಕ್ಟರು ವಿವರಿಸಿದರು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ಶುರುವಾಯಿತು. ವಾರಗಟ್ಟಲೆ ನುಂಗಿದರೂ ಮೈ ಹಗುರಾಗಲಿಲ್ಲ, ಮುಂದಿನ ಪರೀಕ್ಷೆಯೂ ಚೆನ್ನಾಗಿ ಬರಲಿಲ್ಲ. ಗುಳಿಗೆಯೇ ನಕಲಿ ಎಂದು ಮನೆ ಹತ್ತಿರದ ಮೆಡಿಕಲ್ ಬಿಟ್ಟು ಥಾಣೆಯ ಅಂಗಡಿ ಹಿಡಿದೆ. ಡಾಕ್ಟರಿಗೂ ಹಾಗೇ ಹೇಳಿದೆ. ಅವರು ನಗಲಿಲ್ಲ.

"ಗುಳಿಗೆ ತಗೊಂಡ ಮೇಲೆ ಏನು ಮಾಡ್ತೀರಿ?"

"ಫಿಲ್ಟರ್ ಕಾಫಿ ಕುಡೀತೀನಿ. ಅದರ ಜೊತೆಗೇ ಮೂಳೆಗೆ ನೀವು ಕೊಟ್ಟ ಕ್ಯಾಲ್ಸಿಯಂ."

"ಹಾಗಾದ್ರೆ ಗುಳಿಗೆ ಮೈಗೆ ಹತ್ತೋದು ಹೇಗೆ?"

ಕಾಫಿಗೆ ಒಂದು ಗಂಟೆ ತಡೆಯಬೇಕು, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಗಬೇಕು ಎಂದರು. ಆ ಒಂದು ಗಂಟೆ ನನಗೆ ಮಹಾ ಕಷ್ಟದ್ದು. ಕೈ ಸೆಟೆದುಕೊಂಡಿರುವ ಹೊತ್ತಿನಲ್ಲಿ ಬಿಸಿ ಲೋಟ ಹಿಡಿಯುವುದೇ ನನ್ನ ಶಾಖವಾಗಿತ್ತು. ಬದಲಿಗೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂರತೊಡಗಿದೆ. ನನ್ನ ಗಂಡ ನೀರು ಕಾಯಿಸಿಕೊಡುತ್ತಿದ್ದರು. ನನ್ನ ಕೈ ಡಿಕಾಕ್ಷನ್ನಿನ ಕಡೆಗೆ ಹೋಗುತ್ತದೇನೋ ಎಂದು ಕಾವಲೂ ಕಾಯುತ್ತಿದ್ದರು.

ನಿಧಾನವಾಗಿ ಮುಖದ ಊತ ಇಳಿಯಿತು, ದನಿ ತಿಳಿಯಾಯಿತು, ಫ್ಯಾನಿನ ಕೆಳಗೆ ಮಲಗುವಂತಾದೆ. ತೂಕ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಉಳಿದದ್ದು ನಡೆಯಲಾಗದ ಮಂಡಿಗಳದ್ದೋ, ವಯಸ್ಸಿನದ್ದೋ. ಈಗ ಯಾವುದಾದರೂ ಬೆಳಿಗ್ಗೆ ಎದ್ದಾಗ ಮೈ ಭಾರವೆನಿಸಿದರೆ, ಕೀಲುಗಳ ಕೆಲಸವೋ ಕುತ್ತಿಗೆಯದೋ ಎಂದು ನಾನು ಊಹೆ ಮಾಡುತ್ತಾ ಕೂರುವುದಿಲ್ಲ. ರಕ್ತ ಕೊಟ್ಟು ಬರುತ್ತೇನೆ, ಒಂದೇ ಲ್ಯಾಬಿನಲ್ಲಿ.